‘ಲಾಭ’ ಎಂದು ಬರೆದ ಸಾಲು

ಬೆಳಕಿನ ಕಣಗಳನ್ನು ಎಣಿಸುವ ಕೆಲಸದಲ್ಲಿ ನಾನು ಐದು ವರ್ಷ ಕಳೆದಿದ್ದೇನೆ. ಹೇಳಿದರೆ ಜನ ಕಣ್ಣರಳಿಸುತ್ತಾರೆ. ಬೆಳಕು ಅಂದ ಕೂಡಲೇ ಏನೋ ಪವಿತ್ರವಾದದ್ದು ಅಂದುಕೊಳ್ಳುತ್ತಾರೆ. ಪವಿತ್ರ ಗಿವಿತ್ರ ಏನೂ ಇಲ್ಲ. ಬೆವರು ಹಿಡಿದ ಕರಿ ಪರದೆಯ ಕಮಟು ವಾಸನೆ, ಮೂಲೆಯಲ್ಲಿ ಇಲಿ ಹಿಕ್ಕೆ, ಎಷ್ಟು ಒರೆಸಿದರೂ ಮತ್ತೆ ಕೂರುವ ಅದಿರಿನ ಕೆಂಪು ಧೂಳು, ಇವುಗಳ ನಡುವೆ ಒಬ್ಬ ದೊಡ್ಡ ಮನುಷ್ಯರ ಸಣ್ಣ ಬುದ್ಧಿ. ಆ ಐದು ವರ್ಷ ನೆನಪಾದಾಗ ನನಗೆ ಮೊದಲು ಬರುವುದು ಹೇಸಿಗೆ. ಹೆಮ್ಮೆ ಆಮೇಲೆ, ಅದೂ ಚೂರು.

ನಾವು ಗಾದಿಗನೂರಿನವರು. ಅಪ್ಪ ಅದಿರು ಲೋಡಿಂಗಿಗೆ ಹೋಗುತ್ತಿದ್ದ. ಅಮ್ಮ ರೈಲ್ವೆ ಗೇಟಿನ ಪಕ್ಕ ತಟ್ಟಿ ಕಟ್ಟಿಕೊಂಡು ಮಂಡಕ್ಕಿ ವಗ್ಗರಣೆ, ಮಿರ್ಚಿ ಮಾರುತ್ತಿದ್ದಳು. ಚೌಕಾಸಿ ಅಂದರೇನು ಅಂತ ನಾನು ಕಲಿತದ್ದು ಅಲ್ಲಿ. ಮುಂದೆ ಕಾಲೇಜಿನಲ್ಲಿ ಐದು ವರ್ಷ ಬಡಿದಾಡಿದ ವಿಷಯದ ಮೊದಲ ಪಾಠವೂ ಅಲ್ಲೇ ಆಗಿತ್ತು, ಆಗ ಗೊತ್ತಿರಲಿಲ್ಲ ಅಷ್ಟೆ. ಗೇಟು ಬಿದ್ದರೆ ಗಿರಾಕಿಗಳು ಹಿಂಡು ಹಿಂಡಾಗಿ ಬರುತ್ತಿದ್ದರು. ಒಬ್ಬ ಡ್ರೈವರ್ ಇಳಿದ ಅಂದರೆ ಅವನ ಹಿಂದೆ ಇನ್ನಿಬ್ಬರು ಇದ್ದೇ ಇರುತ್ತಿದ್ದರು. ಗೇಟು ಬೀಳದ ಹೊತ್ತಿನಲ್ಲಿ ಹಾಗಲ್ಲ. ಒಬ್ಬನ ಹಂಗು ಇನ್ನೊಬ್ಬನಿಗಿಲ್ಲ, ಅವನವನ ಹಸಿವಿಗೆ ಅವನವನು ಬರುತ್ತಿದ್ದ. ಇಬ್ಬರು ಒಟ್ಟಿಗೆ ಬಂದರೂ ಅದು ಅಕಸ್ಮಾತ್ತು. ಸಂಜೆ ಖಾಲಿ ಬುಟ್ಟಿಯನ್ನಷ್ಟೇ ನೋಡಿದವರಿಗೆ ಆ ದಿನ ಜನ ಹಿಂಡಾಗಿ ಬಂದರೋ ಬಿಡಿಬಿಡಿಯಾಗಿ ಬಂದರೋ ತಿಳಿಯುವುದಿಲ್ಲ. ತಿಳಿಯಬೇಕಾದರೆ ಬಾಣಲೆಯ ಮುಂದೆ ಕೂತು, ಒಬ್ಬ ಬಂದ ಕ್ಷಣದಲ್ಲೇ ಇನ್ನೊಬ್ಬ ಎಷ್ಟು ಸಲ ಬಂದ ಅಂತ ಎಣಿಸಬೇಕು.

ಬೆಳಕೂ ಹೀಗೆಯೇ. ದೀಪದ ಬೆಳಕಿನ ಕಣಗಳು ಗೇಟು ಬಿದ್ದಾಗಿನ ಗಿರಾಕಿಗಳಂತೆ ಹಿಂಡುಗಟ್ಟಿ ಬರುತ್ತವೆ. ಲೇಸರಿನವು ಒಂದರ ಹಂಗಿಲ್ಲದೆ ಇನ್ನೊಂದು ಬರುತ್ತವೆ. ದೊಡ್ಡ ಲೇಸರ್ ಆದರೆ ಎಣಿಸುವ ಗೋಜು ಬೇಡ. ಕರೆಂಟು ಏರಿಸುತ್ತಾ ಹೋದರೆ ಒಂದು ಹಂತದಲ್ಲಿ ಬೆಳಕು ಜಿಗಿದು ಏರುತ್ತದೆ, ಲೇಸರ್ ಹೊತ್ತಿತು ಅಂತ ಕುರುಡನಿಗೂ ಗೊತ್ತಾಗುತ್ತದೆ. ಆದರೆ ಈಗ ಚಿಪ್ಪಿನ ಮೇಲೆ ಕೂದಲೆಳೆಗಿಂತ ಎಷ್ಟೋ ಸಣ್ಣ ಅರೆವಾಹಕ ಲೇಸರುಗಳನ್ನು ಮಾಡುತ್ತಾರೆ. ಅವುಗಳಲ್ಲಿ ಆ ಜಿಗಿತವೇ ಇರುವುದಿಲ್ಲ. ಬೆಳಕು ಮೆತ್ತಗೆ, ಕಳ್ಳನ ಹಾಗೆ ಏರುತ್ತದೆ. ಮಾಡಿದವರು ಲೇಸರ್ ಅನ್ನುತ್ತಾರೆ. ಹೌದೋ ಅಲ್ಲವೋ ಅಂತ ಹೇಳಬೇಕಾದರೆ ಕಣಗಳು ಜೋಡಿಯಾಗಿ ಎಷ್ಟು ಸಲ ಬಿದ್ದವು ಅಂತ ಎಣಿಸದೆ ಗತಿಯಿಲ್ಲ. ನನ್ನ ಪಿಎಚ್.ಡಿ. ಇದರ ಮೇಲೆ.

ಸಂಡೂರಿನ ಹಾದಿಯಲ್ಲಿದ್ದ ಒಂದು ಖಾಸಗಿ ಕಾಲೇಜಿನಲ್ಲಿ ನನಗೆ ಸೀಟು ಸಿಕ್ಕಿತ್ತು. ಬಾಗಿಲಲ್ಲಿ ಸಂಶೋಧನಾ ಕೇಂದ್ರ ಅಂತ ದೊಡ್ಡ ಬೋರ್ಡು, ಒಳಗೆ ಮುರಿದ ಬೆಂಚುಗಳ ಸ್ಟೋರ್ ರೂಮು. ಆ ಸ್ಟೋರ್ ರೂಮನ್ನು ಕತ್ತಲೆ ಕೋಣೆ ಮಾಡಿದವಳು ನಾನು. ನನ್ನ ಗೈಡು ಪೇಟೆಯಲ್ಲಿ ಹುಟ್ಟಿ ಬೆಳೆದವರು. ಎರಡು ಡಿಟೆಕ್ಟರುಗಳನ್ನು, ಒಂದು ಕೌಂಟರನ್ನು, ಅಳೆದು ನೋಡಲು ಹೈದರಾಬಾದಿನವರ ಒಂದು ಚಿಪ್ಪನ್ನು ಹೇಗೋ ತರಿಸಿಕೊಟ್ಟರು, ಅಷ್ಟಕ್ಕೇ ಅವರ ಉಪಕಾರ ಮುಗಿಯಿತು. ಬೆಳಕನ್ನು ಒಂದು ಗಾಜಿನಿಂದ ಎರಡು ಪಾಲು ಮಾಡಿ ಎರಡೂ ಡಿಟೆಕ್ಟರುಗಳಿಗೆ ಕಳಿಸಬೇಕು. ಎರಡೂ ಒಂದೇ ಕ್ಷಣಕ್ಕೆ ಮಿಡಿದರೆ ಕೌಂಟರಿನಲ್ಲಿ ಒಂದು ಜೋಡಿ. ಆಮೇಲೆ ಒಂದು ಡಿಟೆಕ್ಟರಿನ ಸಿಗ್ನಲನ್ನು ಸ್ವಲ್ಪ ಸ್ವಲ್ಪವೇ ತಡಮಾಡುತ್ತಾ ಮತ್ತೆ ಜೋಡಿ ಎಣಿಸಬೇಕು. ದೀಪವಾದರೆ ತಡವಿಲ್ಲದಾಗ ಜೋಡಿ ಜಾಸ್ತಿ, ತಡಮಾಡಿದ ಮೇಲೆ ಕಮ್ಮಿ. ಲೇಸರಾದರೆ ಎಲ್ಲ ಕಡೆ ಒಂದೇ ಸಮ. ಇಷ್ಟೇ ಸಂಗತಿ. ಉಳಿದದ್ದೆಲ್ಲ ಬೆವರು.

ತಡಮಾಡುವ ಯಂತ್ರ ಕೊಳ್ಳುವ ಶಕ್ತಿ ಕಾಲೇಜಿಗಿರಲಿಲ್ಲ. ನಾನು ಹೊಸಪೇಟೆಯ ಗುಜರಿ ಅಂಗಡಿಗೆ ಹೋದೆ. ಮುಚ್ಚಿದ ಗಣಿಯೊಂದರ ವೈರ್‌ಲೆಸ್ ಸೆಟ್ಟಿನ ಕೇಬಲ್ಲು ಅಲ್ಲಿ ಸುರುಳಿ ಬಿದ್ದಿತ್ತು. ಆ ಕೇಬಲ್ಲಿನಲ್ಲಿ ಒಂದು ಗೇಣು ದಾಟಲು ಸಿಗ್ನಲ್ಲಿಗೆ ಹೆಚ್ಚುಕಮ್ಮಿ ಒಂದು ನ್ಯಾನೋ ಸೆಕೆಂಡು ಬೇಕು. ಯಂತ್ರ ಯಾತಕ್ಕೆ, ಗೇಣಿದ್ದರೆ ಸಾಕಲ್ಲ?

"ಗಟ್ಟಿ ತಾಮ್ರ ಐತಿ ಅಕ್ಕಾ ಇದರಾಗ" ಅಂದ ಗುಜರಿಯವ.

"ತಾಮ್ರ ತಗದು ನೀ ಇಟ್ಕೊ, ಮ್ಯಾಲಿನ ಸಿಪ್ಪಿ ನನಗ ಕೊಡು" ಅಂದೆ.

"ಸಿಪ್ಪಿ ತಗೊಂಡು ಏನ್ ಮಾಡ್ತೀ?"

"ತಾಮ್ರ ತಗೊಂಡು ನೀ ಏನ್ ಮಾಡ್ತೀ? ಕರಗಸ್ತೀ. ನಾ ಇದರಾಗ ಬೆಳಕು ಅಳೀತೀನಿ. ರೇಟು ಹೇಳುವಾಗ ಅದನ್ನ ತಲಿಯಾಗ ಇಟ್ಕೊ."

ನಗುತ್ತಾ ತಾಮ್ರದ ಸಮೇತವೇ ಕೊಟ್ಟ. ಗುಜರಿಯಲ್ಲಿ ಕೊಳ್ಳುವವರಿಗೆ ಒಂದು ಮಾತು: ವಸ್ತುವಿನ ಉಪಯೋಗ ಮೊದಲೇ ಹೇಳಬೇಡಿ, ವ್ಯಾಪಾರ ಅರ್ಧ ಆದ ಮೇಲೆ ಹೇಳಿ, ಅದೂ ಅವರು ನಂಬದ ಹಾಗೆ. ಐದೈದು ಗೇಣಿನ ಹದಿನೈದು ತುಂಡು ಕತ್ತರಿಸಿಕೊಂಡು ಬಂದೆ.

ಕೌಂಟರಿನ ಕೆಂಪು ಅಂಕಿಗಳೇ ಡಿಟೆಕ್ಟರಿಗೆ ವೈರಿ. ಅಷ್ಟು ಬೆಳಕು ಸೋರಿದರೂ ಲೆಕ್ಕ ಹಾಳು. ಆದ್ದರಿಂದ ಕೌಂಟರನ್ನು ವರಾಂಡದಲ್ಲಿಟ್ಟು, ಗೋಡೆಯ ತೂತಿನಿಂದ ತಂತಿ ಎಳೆದೆವು. ಒಳಗೆ ಕತ್ತಲಲ್ಲಿ ತಡವರಿಸುತ್ತಾ ಕೇಬಲ್ ತುಂಡುಗಳನ್ನು ಒಂದಕ್ಕೊಂದು ಜೋಡಿಸುವವಳು ನಾನು. ಹೊರಗೆ ಸ್ಟೂಲಿನ ಮೇಲೆ ಕೂತು, ಹತ್ತು ನಿಮಿಷಕ್ಕೊಮ್ಮೆ ಅಂಕಿ ನೋಡಿ ರಿಜಿಸ್ಟರಿನಲ್ಲಿ ಬರೆಯುವವನು ಅಟೆಂಡರ್ ತಾತ. ಅವನು ಕಂಪ್ಲಿಯವನು. ಭತ್ತದ ಮಂಡಿಯಲ್ಲಿ ಮೂವತ್ತು ವರ್ಷ ಹಮಾಲಿ ಮಾಡಿ, ಕಾಳು ಅಳೆದು, ಸೊಂಟ ಬಿದ್ದ ಮೇಲೆ ಈ ಕೆಲಸಕ್ಕೆ ಸೇರಿದವನು. ನಾಲ್ಕನೇ ಈಯತ್ತೆ ಓದಿದ್ದ. ಅಕ್ಷರ ಮುತ್ತಿನಂತಿದ್ದವು. ಅಂಕಿಯನ್ನು ಕನ್ನಡದಲ್ಲೇ ಬರೆಯುತ್ತಿದ್ದ.

"ಯವ್ವಾ, ಒಳಗ ಉಸಿರಾಡಕತ್ತೀಯೋ ಇಲ್ಲೋ?" ಅಂತ ಹೊರಗಿನಿಂದ ಕೂಗುತ್ತಿದ್ದ.

"ಇನ್ನಾ ಸತ್ತಿಲ್ಲ ತಾತಾ, ಬರಕೋ ನೀನು."

"ಸತ್ರ ಮೊದ್ಲ ಹೇಳು. ಸ್ಟೂಲು ಒಳಗ ತರ್ತೀನಿ, ಇಲ್ಲಿ ಬಿಸಲು ಭಾಳ ಐತಿ."

ಈ ತಾತ ಬರೆದ ಒಂದು ಪುಟದಿಂದಲೇ ಎಲ್ಲ ಆದದ್ದು. ತಪ್ಪು ಅವನದಲ್ಲ. ಕಾಳು ಅಳೆಯುವವರು ಮೊದಲ ಸೇರಿಗೆ "ಒಂದು" ಅನ್ನುವುದಿಲ್ಲ. "ಲಾಭ" ಅನ್ನುತ್ತಾರೆ. ಲಾಭ, ಎರಡು, ಮೂರು, ನಾಕು. ಒಂದು ಅಂದರೆ ಒಂಟಿ ಉಳಿಯುತ್ತದೆ, ರಾಶಿ ಬೆಳೆಯುವುದಿಲ್ಲ ಅಂತ ನಂಬಿಕೆ. ಬುಕ್ಕಸಾಗರದ ಗದ್ದೆಗಳಲ್ಲಿ ಕೊಯ್ಲಿಗೆ ಹೋದಾಗ ಅಮ್ಮನಿಗೆ ಕೂಲಿ ಅಳೆದು ಹಾಕುತ್ತಿದ್ದದ್ದೂ ಹಾಗೆಯೇ, ಮನೆಗೆ ಬಂದು ಅಮ್ಮ ಮತ್ತೆ ಅಳೆದು ನೋಡುತ್ತಿದ್ದದ್ದೂ ಹಾಗೆಯೇ. ತಾತ ರಿಜಿಸ್ಟರಿನಲ್ಲೂ ಹಾಗೆಯೇ ಬರೆದ. ಎಡಗಡೆ ಸಾಲಿನಲ್ಲಿ ಮೇಲಿನಿಂದ ಕೆಳಕ್ಕೆ: ಲಾಭ, ೨, ೩, ೪, ಹೀಗೆ ೧೬ರ ತನಕ. ನಾನು ಪುಟ ನೋಡಿದೆ. ನನ್ನ ಕಣ್ಣಿಗೆ ಅದರಲ್ಲಿ ವಿಶೇಷ ಏನೂ ಕಾಣಲಿಲ್ಲ. ಹುಟ್ಟಿದಾಗಿನಿಂದ ಕೇಳಿದ ಎಣಿಕೆ, ಕಾಣುವುದಾದರೂ ಹೇಗೆ? ಒಂದು ಕಡೆಗಷ್ಟೇ ಕೇಬಲ್ ಸೇರಿಸುತ್ತಾ ಹೋದದ್ದರಿಂದ, ಕೇಬಲ್ಲೇ ಇಲ್ಲದ ಅಳತೆ, ಅಂದರೆ ತಡವೇ ಇಲ್ಲದ ಆ ಒಂದೇ ಒಂದು ಮುಖ್ಯ ಅಳತೆ, ಮೊದಲ ಸಾಲಿನಲ್ಲಿತ್ತು. ಅದರ ಹೆಸರು ಲಾಭ.

ಕಂಪ್ಯೂಟರು ಇದ್ದದ್ದು ಗೈಡಿನ ಕೋಣೆಯಲ್ಲಿ. ರಿಜಿಸ್ಟರು ಅವರ ಮೇಜಿನ ಮೇಲಿಟ್ಟು, ಜ್ವರ ಬಂದಿದ್ದ ಅಮ್ಮನನ್ನು ನೋಡಿಕೊಳ್ಳಲು ಊರಿಗೆ ಹೋದೆ. ವಾಪಸು ಬಂದಾಗ ಗೈಡು ಎದ್ದು ನಿಂತು ಕೈ ಕುಲುಕಿದರು. ರಿಜಿಸ್ಟರಿನ ಅಂಕಿಗಳಿಂದ ತಾವೇ ಹಾಕಿದ ಗ್ರಾಫು ತೋರಿಸಿದರು. ಎಳೆದ ದಾರದ ಹಾಗೆ ನೆಟ್ಟಗಿತ್ತು.

"ನೋಡಮ್ಮ, ಎಲ್ಲೂ ಉಬ್ಬಿಲ್ಲ. ಅಷ್ಟು ಕಡಿಮೆ ಕರೆಂಟಿನಲ್ಲೇ ಲೇಸರ್! ಪೇಪರ್ ಬರೆದುಬಿಡೋಣ."

ನಾನು ತಿರುಗಿ ಕೇಳಲಿಲ್ಲ. ಹತ್ತು ರೂಪಾಯಿ ಟೊಮೇಟೊ ಕೊಳ್ಳುವಾಗ ಒಂದೊಂದನ್ನೂ ತಿರುವಿ ತಿರುವಿ ನೋಡುವವಳು, ಐದು ವರ್ಷದ ದುಡಿಮೆಯ ಫಲವನ್ನು ತಿರುವಿ ನೋಡಲಿಲ್ಲ. ಬೇಕಾದದ್ದು ಸಿಕ್ಕಿಬಿಟ್ಟರೆ ಎಂಥ ಜಾಣರಿಗೂ ಕಣ್ಣು ಮಂಜಾಗುತ್ತದೆ. ಪೇಪರು ಒಂದು ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಯಿತು. ಗೈಡಿನ ಹೆಸರು ಮೊದಲು, ನನ್ನದು ಎರಡನೆಯದು. ತಾತನದು ಇಲ್ಲವೇ ಇಲ್ಲ.

ತಿಂಗಳುಗಳು ಕಳೆದು ಥೀಸಿಸ್ ಬರೆಯಲು ಕೂತಾಗ ತಪ್ಪು ಸಿಕ್ಕಿಬಿತ್ತು. ಅದೂ ವಿಜ್ಞಾನದಿಂದಲ್ಲ, ವ್ಯಾಪಾರದ ಬುದ್ಧಿಯಿಂದ. ಗುಜರಿಯಿಂದ ತಂದದ್ದು ಹದಿನೈದು ತುಂಡು. ತುಂಡಿಲ್ಲದ್ದೊಂದು ಸೇರಿದರೆ ಅಳತೆ ಹದಿನಾರಾಗಬೇಕು. ಗ್ರಾಫಿನಲ್ಲಿ ಚುಕ್ಕಿಗಳು ಹದಿನೈದೇ ಇದ್ದವು. ಮೂರು ಸಲ ಎಣಿಸಿದೆ. ರಿಜಿಸ್ಟರು ತೆಗೆದು ನೋಡಿದೆ. ಲಾಭದ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ಒಂದು ಸಣ್ಣ ಗೆರೆ. ಉಳಿದ ಸಾಲುಗಳಲ್ಲಿ ನೂರು ಜೋಡಿ ಇದ್ದರೆ ಅಲ್ಲಿ ನೂರಾ ಹದಿನೈದರಂತೆ ಇತ್ತು. ಹಿಂಡು. ಗೇಟು ಬಿದ್ದಿದೆ. ನಮ್ಮದು ಲೇಸರಲ್ಲ, ಸಣ್ಣದೊಂದು ದೀಪ. ಹೊರಗೆ ಹೋಗಿ ನಲ್ಲಿಯ ಕೆಳಗೆ ಮುಖ ಒಡ್ಡಿದೆ.

ಗೈಡಿನ ಕೋಣೆಗೆ ರಿಜಿಸ್ಟರು ಹಿಡಿದುಕೊಂಡು ಹೋದೆ.

"ಸರ್, ಇದೊಂದು ಸಾಲು ಬಿಟ್ಟು ಹೋಗೈತ್ರಿ."

"ಅದು ಸಾಲಲ್ಲಮ್ಮ. ಲಾಭ ಅಂತ ಬರೆದಿದ್ದಾನೆ ನೋಡು, ಶ್ರೀ ಅಂತ ಹಾಕ್ತಾರಲ್ಲ ಹಾಗೆ. ಮಷೀನು ಬಿಸಿಯಾಗ್ಲಿ ಅಂತ ತೆಗೆದ ರೀಡಿಂಗು."

"ಶ್ರೀ ಅಂತ ಬರದ್ರ ಮುಂದ ಹತ್ತು ನಿಮಿಷದ ಲೆಕ್ಕ ಬರೀತಾರೇನ್ರಿ ಸರ್? ಲಾಭ ಅಂದ್ರ ಒಂದು. ನಮ್ಮ ಕಡೆ ಕಾಳು ಅಳಿಯೋದು ಹಿಂಗ."

ಅವರು ಪುಟವನ್ನು ನೋಡುತ್ತಾ ಕೂತರು. ಅರ್ಥವಾಯಿತು ಅಂತ ಮುಖ ಹೇಳುತ್ತಿತ್ತು. ಗೊತ್ತಿಲ್ಲದೆ ತಪ್ಪು ಮಾಡಿದವರ ಮೇಲೆ ನನಗೆ ಸಿಟ್ಟಿಲ್ಲ. ಪ್ಯಾಕೆಟ್ ಅಕ್ಕಿ ಉಂಡು ಬೆಳೆದವರಿಗೆ ಸೇರಿನ ಎಣಿಕೆ ಎಲ್ಲಿ ಗೊತ್ತಿರಬೇಕು? ಮುಂದಿನ ಮಾತು ಕೇಳಿ ಹೇಸಿಗೆಯಾಯಿತು.

"ಇದನ್ನ ಇನ್ಯಾರಾದ್ರೂ ನೋಡಿದ್ದಾರಾ?"

"ಇಲ್ರಿ."

"ಹಾಗಾದ್ರೆ ಮೊದಲ ರೀಡಿಂಗು ಯಾವಾಗ್ಲೂ ನಂಬೋಕಾಗಲ್ಲ. ಬಿಟ್ಟದ್ದು ಸರಿಯಾಗೇ ಇದೆ."

"ನಂಬಾಕ ಆಗಂಗಿಲ್ಲ ಅಂದ್ರ ಇನ್ನೊಮ್ಮೆ ಅಳಿಯೋಣ್ರಿ. ಚಿಪ್ಪು ಇನ್ನೂ ಇಲ್ಲೇ ಐತಿ."

"ಚಿಪ್ಪು ಕೊಟ್ಟೋರು ಗುರುವಾರ ಹೈದರಾಬಾದಿಂದ ಬರ್ತಿದ್ದಾರೆ, ವಾಪಸು ತಗೊಂಡು ಹೋಗ್ತಾರೆ. ಅಲ್ಲೀತನಕ ಅದನ್ನ ಮುಟ್ಟಬೇಡ. ನಿನ್ನ ಥೀಸಿಸ್ ನನ್ನ ಸಹಿ ಇಲ್ದೆ ಹೋಗಲ್ಲ ಅನ್ನೋದು ನೆನಪಿರ್ಲಿ."

ಕೊನೆಯ ಮಾತನ್ನು ಅವರು ನಗುತ್ತಲೇ ಹೇಳಿದರು. ಹಲ್ಲಿನ ಸಂದಿನಲ್ಲಿ ಕೊತ್ತಂಬರಿ ಎಲೆ ಸಿಕ್ಕಿಕೊಂಡಿತ್ತು. ಇವತ್ತಿಗೂ ಆ ಎಲೆ ನೆನಪಾದರೆ ನನಗೆ ಊಟ ಸೇರುವುದಿಲ್ಲ.

ಅವತ್ತು ಸೋಮವಾರ. ಮರುದಿನ ಗೈಡು ಮೀಟಿಂಗಿಗೆ ಬಳ್ಳಾರಿಗೆ ಹೋದರು. ಕತ್ತಲೆ ಕೋಣೆಯ ಕೀಲಿ ತಾತನ ಸೊಂಟದಲ್ಲೇ ಇರುತ್ತಿತ್ತು. ವಿಷಯ ಹೇಳಿದೆ. ಅವನಿಗೆ ಮೊದಲು ಅರ್ಥವಾದದ್ದು ತನ್ನ ಬರಹದಿಂದ ತಪ್ಪಾಯಿತು ಅಂತ ಮಾತ್ರ.

"ನನ್ ಕೈ ಕಡೀಲಿ! ಒಂದು ಅಂತ ಬರದಿದ್ರ ಇದೆಲ್ಲಾ ಆಗ್ತಿರಲಿಲ್ಲಲ್ಲವ್ವಾ."

"ನೀ ಸರಿಯಾಗೇ ಬರದೀ ತಾತಾ. ಓದಿದೋರಿಗೆ ಓದಾಕ ಬರಲಿಲ್ಲ."

"ಹಂಗಾದ್ರ ಈಗ ಒಂದು ಅಂತ ಬರೀಲೇನು?"

"ಬ್ಯಾಡ. ನಿನಗ ಹೆಂಗ ರೂಢಿ ಐತೋ ಹಂಗ ಬರಿ. ನಾ ಬ್ಯಾರೆ ಉಪಾಯ ಮಾಡೀನಿ."

ಉಪಾಯ ಇಷ್ಟೆ. ಹಿಂದೆ ಹದಿನೈದೂ ತುಂಡುಗಳನ್ನು ಒಂದೇ ಡಿಟೆಕ್ಟರಿನ ಕಡೆ ಸೇರಿಸುತ್ತಾ ಹೋಗಿದ್ದೆ. ಈ ಸಲ ಮೊದಲು ಎಡಗಡೆಯ ಡಿಟೆಕ್ಟರಿಗೆ ಏಳು ತುಂಡು ಹಾಕಿ, ಒಂದೊಂದಾಗಿ ತೆಗೆಯುತ್ತಾ ಬಂದೆ. ಎಲ್ಲ ಮುಗಿದ ಮೇಲೆ ಬಲಗಡೆಗೆ ಒಂದೊಂದಾಗಿ ಸೇರಿಸುತ್ತಾ ಹೋದೆ. ಹಾಗಾಗಿ ತಡವಿಲ್ಲದ ಅಳತೆ ಪುಟದ ನಟ್ಟನಡುವೆ, ಎಂಟನೇ ಸಾಲಿಗೆ ಬಂತು. ಎರಡೂ ಪಕ್ಕದಲ್ಲಿ ಸಾಕ್ಷಿಗಳಿರುವಾಗ ನಡುವಿನವನನ್ನು ಎತ್ತಿ ಹಾಕುವುದು ಸುಲಭವಲ್ಲ. ಪ್ರಯೋಗ ಮಾಡುವ ಮಕ್ಕಳಿಗೆ ಇವತ್ತಿಗೂ ಇದನ್ನೇ ಹೇಳುತ್ತೇನೆ: ಜೀವ ಯಾವ ಅಳತೆಯಲ್ಲಿದೆಯೋ ಅದನ್ನು ಅಂಚಿನಲ್ಲಿಡಬೇಡಿ. ಅಂಚಿನಲ್ಲಿದ್ದದ್ದನ್ನು ಇಲಿಯೂ ತಿನ್ನುತ್ತದೆ, ಪ್ರೊಫೆಸರೂ ತಿನ್ನುತ್ತಾರೆ.

ಬೆಳಗ್ಗೆ ಒಂಬತ್ತಕ್ಕೆ ಒಳಗೆ ಹೋದವಳು ಮಧ್ಯಾಹ್ನ ಹೊರಗೆ ಬಂದಾಗ ಸೀರೆಯಿಂದ ಬೆವರು ಹಿಂಡಬಹುದಿತ್ತು. ಎಂಟನೇ ಸಾಲು ಎದ್ದು ನಿಂತಿತ್ತು. ಪಕ್ಕದ ಏಳು, ಒಂಬತ್ತು ಎರಡೂ ಸಪಾಟು. ಇನ್ನು ಅನುಮಾನವಿಲ್ಲ. ಪ್ರತಿ ಪುಟದ ಕೆಳಗೆ ತಾತನ ಸಹಿ ಹಾಕಿಸಿದೆ, ನಾನೂ ಹಾಕಿದೆ. ಸಂಡೂರಿಗೆ ಹೋಗಿ ಹಳೇ ಪುಟ, ಹೊಸ ಪುಟ ಎರಡನ್ನೂ ಜೆರಾಕ್ಸ್ ಮಾಡಿಸಿದೆ.

ಗುರುವಾರ ಅತಿಥಿ ಬಂದರು. ಆ ಚಿಪ್ಪುಗಳನ್ನು ಮಾಡಿಸುವ ತಂಡದ ಮುಖ್ಯಸ್ಥರು, ನಡುವಯಸ್ಸಿನವರು, ಬಿಳಿ ಶೂ ಹಾಕಿದ್ದರು. ಅವರು ಗೈಡಿನ ಜೊತೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು. ಹಂಪಿ ನೋಡಬೇಕು ಅಂದರಂತೆ. ಮೂವರೂ ಕಾರಿನಲ್ಲಿ ಹೊರಟೆವು. ಊರು ತೋರಿಸಲು, ಆಟೋದವರ ಜೊತೆ, ಎಳನೀರಿನವರ ಜೊತೆ ಚೌಕಾಸಿ ಮಾಡಲು ನಾನು. ಅತಿಥಿ ಕಲ್ಲಿನ ಕಂಬಗಳ ಫೋಟೋ ತೆಗೆಯಲು ಹೋದಾಗ, ಗೈಡು ನನ್ನನ್ನು ನೆರಳಿಗೆ ಕರೆದರು. ಮಂಗಳವಾರ ಕೋಣೆ ತೆರೆದದ್ದು ಅವರಿಗೆ ಹೇಗೋ ಗೊತ್ತಾಗಿತ್ತು.

"ಎಷ್ಟು ಬಂತು?" ಅಂದರು.

"ಹೋದ ಸಲದ್ದಷ್ಟೇ ಬಂತ್ರಿ."

"ನಾಳೆ ಬೆಳಗ್ಗೆ ನಿನ್ನ ಥೀಸಿಸ್‌ಗೆ ಸಹಿ ಹಾಕ್ತೀನಿ. ಆ ಅಧ್ಯಾಯ ತೆಗೆದುಬಿಡು, ಮಿಕ್ಕಿದ್ದು ಸಾಕು. ಪೇಪರು ಪೇಪರಿನ ಪಾಡಿಗೆ ಇರ್ಲಿ. ನೀನೂ ಸುಮ್ನಿರು, ನಾನೂ ಸುಮ್ನಿರ್ತೀನಿ."

ವ್ಯಾಪಾರ ಮಾಡುವವಳಿಗೆ ಒಳ್ಳೆಯ ವ್ಯಾಪಾರ ಯಾವುದು ಅಂತ ಕೇಳಿದ ತಕ್ಷಣ ಗೊತ್ತಾಗುತ್ತದೆ. ಇದು ಒಳ್ಳೆಯ ವ್ಯಾಪಾರವಾಗಿತ್ತು. ಸುಳ್ಳನ್ನು ನನ್ನ ಕೈಯಿಂದ ಬರೆಯಬೇಕಾಗಿರಲಿಲ್ಲ, ಡಿಗ್ರಿ ಸಿಗುತ್ತಿತ್ತು, ಅಮ್ಮನನ್ನು ಬಾಣಲೆಯ ಮುಂದಿನಿಂದ ಎಬ್ಬಿಸಬಹುದಿತ್ತು. ನಾನು ತಲೆಯಾಡಿಸಿದೆ. ಹೌದು, ಆಡಿಸಿದೆ. ಇದನ್ನು ಮುಚ್ಚಿಟ್ಟು ಬರೆದರೆ ನಾನೂ ಪೆನ್ಸಿಲಿನಲ್ಲಿ ಗೆರೆ ಎಳೆದ ಹಾಗೆಯೇ ಆಗುತ್ತದೆ.

ಊಟಕ್ಕೆ ನದಿಯ ಹತ್ತಿರ ಕೂತೆವು. ಗೈಡು ಕೈ ತೊಳೆಯಲು ಹೋದರು, ಹೋದವರು ಫೋನಿನಲ್ಲಿ ಮಾತಾಡುತ್ತಾ ಅಲ್ಲೇ ನಿಂತರು. ಅತಿಥಿಗೆ ನಾನು, ಗೇಟಿನ ಲಾರಿ ಡ್ರೈವರುಗಳಿಂದ ಕಲಿತ ತೆಲುಗಿನಲ್ಲಿ, ಇನ್ನಷ್ಟು ಅನ್ನ ಬೇಕೇ ಅಂತ ಕೇಳಿದೆ. ಅವರಿಗೆ ಖುಷಿಯಾಯಿತು. ಸ್ವಂತ ಭಾಷೆ ಕೇಳಿದ ಕೂಡಲೇ ಮನುಷ್ಯ ಬೆಲ್ಟು ಸಡಿಲ ಮಾಡುತ್ತಾನೆ. ನನ್ನ ಅಳತೆಯನ್ನು ಹೊಗಳಿದರು. ತಮ್ಮಲ್ಲಿ ಎರಡು ಬಗೆಯ ಚಿಪ್ಪುಗಳ ಮೇಲೆ ಕೆಲಸ ನಡೆದಿತ್ತು, ಒಂದು ಇದು, ಇನ್ನೊಂದು ಒಬ್ಬ ಹುಡುಗಿ ನಾಲ್ಕು ವರ್ಷದಿಂದ ಮಾಡುತ್ತಿದ್ದದ್ದು, ನಿಮ್ಮ ಪೇಪರು ಬಂದ ಮೇಲೆ ಆ ಹುಡುಗಿಯ ಕೆಲಸ ನಿಲ್ಲಿಸಿಬಿಟ್ಟೆವು, ಲೇಸರು ಇದೇ ಅಂತ ಖಾತ್ರಿಯಾಯಿತಲ್ಲ, ಅಂದರು. ಮೊಸರನ್ನ ಕಲಸುತ್ತಾ ಹೇಳಿದರು.

ನಾನು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದೆ. ಬೆಳಗಿನ ವ್ಯಾಪಾರದಲ್ಲಿ ನನ್ನ ಲಾಭ ಯಾರ ಬುಟ್ಟಿಯಿಂದ ಬರುತ್ತಿದೆ ಅಂತ ನಾನು ಕೇಳಿರಲಿಲ್ಲ. ಈಗ ಕೇಳದೆಯೇ ಗೊತ್ತಾಯಿತು. ಮುಖ ಕಾಣದ, ಹೆಸರು ತಿಳಿಯದ ಒಬ್ಬ ಹುಡುಗಿಯ ನಾಲ್ಕು ವರ್ಷ.

ತೆಲುಗಿನಲ್ಲೇ ಹೇಳಿದೆ. ಎಲ್ಲ ಹೇಳಿದೆ: ಲಾಭದ ಸಾಲು, ಬಿಟ್ಟುಹೋದ ಚುಕ್ಕಿ, ಮಂಗಳವಾರದ ಅಳತೆ. ಚೀಲದಿಂದ ಜೆರಾಕ್ಸ್ ತೆಗೆದು ತಟ್ಟೆಯ ಪಕ್ಕ ಇಟ್ಟೆ. ಅವರಿಗೆ ಲಾಭದ ಎಣಿಕೆಯನ್ನು ಬಿಡಿಸಿ ಹೇಳಬೇಕಾಗಲಿಲ್ಲ. ಅವರ ಕಡೆಯ ಹಳ್ಳಿಗಳಲ್ಲೂ ಹಾಗೆಯೇ ಎಣಿಸುತ್ತಾರಂತೆ, ಅವರಜ್ಜಿ ಎಣಿಸುತ್ತಿದ್ದಳಂತೆ. ಒಂದು ಕ್ಷಣ ನಕ್ಕರು. ಆಮೇಲೆ ನಗು ಆರಿತು.

ನಾನು ಅಂದುಕೊಂಡಿದ್ದೆ, ಇವರು ಎದ್ದು ನಿಲ್ಲುತ್ತಾರೆ, ಗೈಡಿಗೆ ಛೀಮಾರಿ ಹಾಕುತ್ತಾರೆ ಅಂತ. ಅವರು ಜೆರಾಕ್ಸನ್ನು ನೋಡಿದರು, ಮಡಚಿದರು, ನನ್ನ ಕಡೆಗೇ ತಳ್ಳಿದರು. ಯಾಕಮ್ಮ ಈಗ ಹೇಳಿದೆ, ಅಂದರು. ವರದಿ ಮೇಲಕ್ಕೆ ಹೋಗಿದೆ, ಎಲ್ಲರೂ ಒಪ್ಪಿದ್ದಾರೆ, ಈಗ ನಾನು ಈ ಕಾಗದ ನೋಡಿದೆ ಅಂದರೆ ನನಗೇ ತೊಂದರೆ. ನಾನು ನೋಡಿಲ್ಲ, ನೀನು ಹೇಳಿಲ್ಲ.

ಅಷ್ಟು ಹೇಳಿ, ಅತಿಥಿ ತಟ್ಟೆಯಲ್ಲೇ ಕೈ ತೊಳೆದರು. ಅನ್ನದಗುಳು ತೇಲುವ ಆ ನೀರನ್ನು ನೋಡುತ್ತಾ ಕೂತೆ. ಒಬ್ಬರಿಗೆ ಪೇಪರು, ಒಬ್ಬರಿಗೆ ವರದಿ, ನನಗೆ ಡಿಗ್ರಿ. ಮೂವರೂ ಒಂದೇ ತಟ್ಟೆಯಲ್ಲಿ ಕೈ ತೊಳೆದ ಹಾಗಿತ್ತು. ಗೈಡು ವಾಪಸು ಬಂದು, ಎಲ್ಲಾ ಚೆನ್ನಾಗಿತ್ತಾ ಅಂತ ಕೇಳಿದರು. ಅತಿಥಿ ಇಂಗ್ಲಿಷಿನಲ್ಲಿ, ನಿಮ್ಮ ವಿದ್ಯಾರ್ಥಿನಿ ಬಹಳ ಜಾಗರೂಕಳು ಅಂದರು. ಗೈಡಿನ ಮುಖ ಅಲ್ಲೇ ಕಪ್ಪಿಟ್ಟಿತು. ಸಂಜೆಯೊಳಗೆ ಚಿಪ್ಪು ಹೈದರಾಬಾದಿನ ದಾರಿ ಹಿಡಿಯಿತು.

ಶುಕ್ರವಾರ ಬೆಳಗ್ಗೆ ನಾನು ಆ ಅಧ್ಯಾಯ ತೆಗೆಯದೆ, ಎಂಟನೇ ಸಾಲಿನ ಗ್ರಾಫು ಸೇರಿಸಿ, ಥೀಸಿಸ್ ತೆಗೆದುಕೊಂಡು ಗೈಡಿನ ಮುಂದೆ ಕೂತೆ. ಕೊನೆಯ ವಾಕ್ಯ ಹೀಗಿತ್ತು: ಈ ಚಿಪ್ಪು ಲೇಸರ್ ಅಲ್ಲ.

"ಮಾತಿಗೆ ತಪ್ಪಿದೆ ನೀನು."

"ಹೌದ್ರಿ, ತಪ್ಪೀನಿ."

"ಸಹಿ ಹಾಕಲ್ಲ."

"ಬ್ಯಾಡ್ರಿ. ಹಳೇ ಪುಟ, ಹೊಸ ಪುಟ ಎರಡೂ ಅದಾವು. ತಾತನ್ನ ಕರ್ಕೊಂಡು ಯೂನಿವರ್ಸಿಟಿ ಕಮಿಟಿ ಮುಂದ ಹೋಗ್ತೀನಿ. ಲಾಭ ಅಂದ್ರ ಏನಂತ ಅಂವನೇ ಹೇಳ್ತಾನ."

ಆಮೇಲೆ ಅವರು ಪೆನ್ನು ತೆಗೆದುಕೊಂಡು ವಾಕ್ಯವನ್ನು ತಿದ್ದತೊಡಗಿದರು. ಆಗ ಶುರುವಾಯಿತು ನೋಡಿ ಚೌಕಾಸಿ. ನನ್ನ ಜೀವಮಾನದಲ್ಲಿ ಅಂಥ ಹೊಲಸು ಚೌಕಾಸಿ ಇನ್ನೊಂದಿಲ್ಲ.

"ಬಹುಮಟ್ಟಿಗೆ ಲೇಸರ್ ಅಂತ ಬರಿ."

"ಬಹುಮಟ್ಟಿಗೆ ಬಸರಿ ಅಂತ ಇರ್ತಾರೇನ್ರಿ ಸರ್?"

"ಲೇಸರ್ ಎಂದು ಹೇಳಲು ಇನ್ನಷ್ಟು ಅಧ್ಯಯನ ಬೇಕು."

"ಅಧ್ಯಯನ ಆಗೈತಿ. ಅದರಾಗ ಅಲ್ಲ ಅಂತ ಬಂದೈತಿ."

"ಲೇಸರ್ ಎಂದು ಖಚಿತವಾಗಿಲ್ಲ. ಇದಕ್ಕಿಂತ ಕೆಳಗೆ ಇಳಿಯಲ್ಲ ನಾನು."

"ಅಲ್ಲ ಅಂತ ಖಚಿತ ಆಗೈತ್ರಿ."

ಅವರ ಹಣೆಯಲ್ಲಿ ಬೆವರೊಡೆಯಿತು. ವ್ಯಾಪಾರದಲ್ಲಿ ಒಂದು ನೀತಿ ಇದೆ: ಎದುರಿನವರು ಬರಿಗೈಯಲ್ಲಿ ಎದ್ದು ಹೋಗುವ ಹಾಗೆ ಮಾಡಬಾರದು, ಏನಾದರೂ ಕೊಡಬೇಕು. ಆದರೆ ನಿಜವಾದದ್ದನ್ನೇ ಕೊಡಬೇಕು. ನಾನು ಅಳೆದದ್ದು ಒಂದು ಮಿತಿಯ ಕರೆಂಟಿನ ತನಕ ಮಾತ್ರ. ಅದಕ್ಕಿಂತ ಮೇಲೆ ಏನಾಗುತ್ತದೋ ನನಗೂ ಗೊತ್ತಿರಲಿಲ್ಲ. ಅದನ್ನು ಕೊಟ್ಟೆ. ವಾಕ್ಯ ಹೀಗಾಯಿತು: ನಾವು ಅಳೆದ ಕರೆಂಟಿನ ಮಿತಿಯೊಳಗೆ ಈ ಚಿಪ್ಪು ಲೇಸರ್ ಅಲ್ಲ. ಅವರು ‘ಮಿತಿಯೊಳಗೆ’ ಅನ್ನುವ ಮಾತನ್ನು ಮುಳುಗುವವನು ಹುಲ್ಲುಕಡ್ಡಿ ಹಿಡಿದ ಹಾಗೆ ಹಿಡಿದುಕೊಂಡರು. ಸಹಿ ಹಾಕಿದರು. ಹಾಕಿ, ಅಚ್ಚಾದ ಪೇಪರಿನ ಸುದ್ದಿ ಮಾತ್ರ ಎತ್ತಬೇಡ ಅಂದರು.

"ಅದಕ್ಕ ಬ್ಯಾರೆ ಕಾಗದ ಬರದೀನ್ರಿ, ಪೇಪರು ತಪ್ಪೈತಿ ಅಂತ, ಪತ್ರಿಕೆಯವರಿಗೆ" ಅಂದೆ. "ನಿಮ್ಮ ಸಹಿನೂ ಬೇಕಂತ."

ಆ ಕಾಗದಕ್ಕೆ ಅವರು ಇವತ್ತಿನವರೆಗೂ ಸಹಿ ಹಾಕಿಲ್ಲ. ಪೇಪರು ಬರೆದವರೆಲ್ಲ ಒಪ್ಪಿದರೆ ತಿದ್ದುಪಡಿ ಬೇಗ ಆಗುತ್ತದೆ, ಇಲ್ಲದಿದ್ದರೆ ವಿಚಾರಣೆ ಮಾಡಬೇಕಾಗುತ್ತದೆ, ಕಾಯಿರಿ, ಅಂತ ಪತ್ರಿಕೆಯವರ ಉತ್ತರ. ಕಾಯುತ್ತಿದ್ದೇನೆ.

ಕೊನೆಯ ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ಥೀಸಿಸ್ ಮಗುಚಿ ಹಾಕುತ್ತಾ ಕೇಳಿದರು: "ಅಂದ್ರೆ, ಐದು ವರ್ಷ ಕತ್ತಲಲ್ಲಿ ಕೂತು, ದೀಪವನ್ನ ದೀಪ ಅಂತ ಕಂಡುಹಿಡಿದ್ರಿ, ಅಲ್ವಾ?" ಕೋಣೆಯಲ್ಲಿದ್ದವರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ನನ್ನ ಗೈಡು.

"ಹೌದ್ರಿ ಸರ್" ಅಂದೆ. "ಅಂಗಡಿಯಾಗ ಲೇಸರ್ ಅಂತ ಇಟ್ಟಿದ್ರು."

ನಗು ನಿಂತಿತು. ಪರೀಕ್ಷಕರು ತಲೆಯೆತ್ತಿ ನನ್ನನ್ನು ನೋಡಿದರು, ಆಮೇಲೆ ಗೈಡನ್ನು ನೋಡಿದರು, ಕನ್ನಡಕ ಸರಿಮಾಡಿಕೊಂಡು ಎಂಟನೇ ಸಾಲಿನ ಗ್ರಾಫಿದ್ದ ಪುಟಕ್ಕೆ ವಾಪಸು ಹೋದರು. ಅದರ ಮೇಲೆ ಒಂದು ಗಂಟೆ ಪ್ರಶ್ನೆ ಕೇಳಿದರು. ಒಂದಕ್ಕೂ ನಾನು ತಡವರಿಸಲಿಲ್ಲ.

ಪಾಸಾಯಿತು ಅಂತ ಹೇಳಿದ ಮೇಲೆ ಗೈಡು ಪೇಡೆಯ ಡಬ್ಬಿ ತೆರೆದರು. "ನಮ್ಮ ಹುಡುಗಿ, ಮೊದಲಿಂದ್ಲೂ ಪ್ರಾಮಾಣಿಕ ಕೆಲಸ" ಅಂತ ಎಲ್ಲರಿಗೂ ಹೇಳುತ್ತಾ ನನ್ನ ಕೈಗೂ ಒಂದು ಇಟ್ಟರು. ಬಾಗಿಲಲ್ಲಿ ತಾತ ನಿಂತಿದ್ದ. ಅವನಿಗೆ ಕೊಡಲಿಕ್ಕೂ ಮನಸ್ಸಾಗಲಿಲ್ಲ, ಅವರ ಕೈಯ ಪೇಡೆ ಅದು. ಹೊರಗೆ ಬಂದು ವರಾಂಡದ ಕಟ್ಟೆಯ ಮೇಲಿಟ್ಟೆ. ಹೊಸಪೇಟೆಯ ಬಸ್ಸು ಹತ್ತುವ ಮೊದಲು ಸೋಪು ಕೇಳಿ ಇಸಕೊಂಡು ಎರಡು ಸಲ ಕೈ ತೊಳೆದೆ. ಆ ಹೈದರಾಬಾದಿನ ಹುಡುಗಿಯ ವಿಳಾಸ ಇನ್ನೂ ಹುಡುಕುತ್ತಿದ್ದೇನೆ. ಸಿಕ್ಕರೆ ಕಳಿಸಲು ಜೆರಾಕ್ಸಿನ ಒಂದು ಪ್ರತಿ ತೆಗೆದಿಟ್ಟಿದ್ದೇನೆ.